ರಾಶಿಗೆ ನೀರು ಹಾಕಿದ ದಿನ

ವಿಜಯನಗರ ಜಿಲ್ಲೆ ಬೇರೆಯಾಗಿ ಎರಡನೆಯ ಬೇಸಿಗೆ. ನಾನಾಗ ಕೂಡ್ಲಿಗಿಯಲ್ಲಿ ಸಹಾಯಕ ತೋಟಗಾರಿಕೆ ಅಧಿಕಾರಿ. ನಿವೃತ್ತಿಗೆ ಮುಂಚಿನ ಕೊನೆಯ ಪೋಸ್ಟಿಂಗ್. ದಾಳಿಂಬೆಯ ಚುಕ್ಕೆ ರೋಗ, ಇಲಿ ಕಡಿದ ಡ್ರಿಪ್ ಪೈಪು, ಸಬ್ಸಿಡಿ ಯಾಕೆ ಬರಲಿಲ್ಲ ಎಂದು ಟೇಬಲ್ ಗುದ್ದುವವರು, ಇವೇ ನನ್ನ ದಿನಚರಿ. ಕುಂಡದ ಗಿಡಗಳ ಕೆಲಸ ಊಟದೆಲೆಯ ತುದಿಯ ಉಪ್ಪಿನಕಾಯಿಯಷ್ಟೇ ಇತ್ತು. ಇಷ್ಟು ವರ್ಷದ ನೌಕರಿಯಲ್ಲಿ ಎಷ್ಟೋ ತೋಟ ನೋಡಿದ್ದೇನೆ, ಮರೆತಿದ್ದೇನೆ. ಮರೆಯದೆ ಉಳಿದದ್ದು ಗುಡೇಕೋಟೆ ಕಡೆಯ ಒಂದು ಹಳ್ಳಿಯ ತಗಡಿನ ಶೆಡ್ಡು ಮತ್ತು ಅದರೊಳಗೆ ಕೆಲಸ ಮಾಡುತ್ತಿದ್ದ ಅತ್ತೆ-ಸೊಸೆ.

ಅತ್ತೆಯ ಹೆಸರು ಮೈಲಮ್ಮ. ಕುರಿ ಸಾಕುವ ಮನೆತನ, ಜೊತೆಗೆ ಸ್ವಲ್ಪ ಮಳೆಯಾಶ್ರಿತ ಹೊಲ. ಐವತ್ತು ದಾಟಿದ ಗಟ್ಟಿ ಆಳು, ಮಾತು ಅದಕ್ಕಿಂತ ಗಟ್ಟಿ. ಕೊರೋನಾ ಕಾಲದಲ್ಲಿ ಊರಿನ ಹೆಂಗಸರನ್ನು ಕೂಡಿಸಿ ಅಡೇನಿಯಂ ನರ್ಸರಿ ಹಾಕಿದವಳು ಇವಳೇ. ಅಡೇನಿಯಂ ಎಂದರೆ ಬುಡ ದಪ್ಪಗೆ ಊದಿಕೊಂಡು, ಉರಿಬಿಸಿಲಲ್ಲಿ ಗುಲಾಬಿ ಬಣ್ಣದ ಹೂ ಬಿಡುವ ಗಿಡ. ನೀರು ಕಡಿಮೆ ಕೊಟ್ಟಷ್ಟೂ ಅದಕ್ಕೆ ಖುಷಿ. ನಮ್ಮ ಸೀಮೆಗೆ ಹೇಳಿ ಮಾಡಿಸಿದಂಥದ್ದು. ಸೊಸೆ ಕೊಟ್ರಮ್ಮ, ಕೊಟ್ಟೂರು ಕಡೆಯ ಹುಡುಗಿ, ಮೂವತ್ತರ ಒಳಗಿನವಳು. ಕಸಿ ಕಟ್ಟುವುದರಲ್ಲಿ ಅವಳ ಕೈ ಎಷ್ಟು ಚೆನ್ನಾಗಿತ್ತೆಂದರೆ ನಮ್ಮ ಇಲಾಖೆಯ ತರಬೇತಿಗೆ ಅವಳನ್ನೇ ಕರೆಸುತ್ತಿದ್ದೆ.

ಗಿಡಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದುದು ಇವರ ಪಾಟಿಂಗ್ ಮಿಕ್ಸ್, ಅಂದರೆ ಕುಂಡಕ್ಕೆ ತುಂಬುವ ಮಿಶ್ರಣ: ಮರಳು, ಕೊಟ್ಟಿಗೆ ಗೊಬ್ಬರ, ಸುಟ್ಟ ಭತ್ತದ ಹೊಟ್ಟು. ಹಗರಿಬೊಮ್ಮನಹಳ್ಳಿಯ ವ್ಯಾಪಾರಿ ಬಸವರಾಜಪ್ಪ ಅದನ್ನು ಚೀಲಗಟ್ಟಲೆ ಕೊಂಡು ಹೊರ ಊರುಗಳಿಗೆ ಕಳಿಸುತ್ತಿದ್ದ. ಅವನದು ಎರಡು ಕಟ್ಟಪ್ಪಣೆ. ಮಾಲು ಒಣಗಿರಬೇಕು, ಇಲ್ಲದಿದ್ದರೆ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ಮರಳಿನಲ್ಲಿ ನುಣುಪು ಪುಡಿ ಇರಬಾರದು, ಇದ್ದರೆ ನೀರು ಬಿದ್ದ ಕೂಡಲೇ ಕುಂಡ ಸಿಮೆಂಟಿನ ಹಾಗೆ ಗಟ್ಟಿಯಾಗಿ ಬೇರು ಕೊಳೆಯುತ್ತದೆ. ಮೊದಲು ಹಿರೇಹಡಗಲಿ ಕಡೆಯಿಂದ ಹೊಳೆ ಮರಳು ಬರುತ್ತಿತ್ತು, ತೊಂದರೆ ಇರಲಿಲ್ಲ. ಅದು ಸಿಗುವುದು ಕಷ್ಟವಾದ ಮೇಲೆ ಕ್ರಷರಿನ ಎಂ-ಸ್ಯಾಂಡ್ ತರಿಸತೊಡಗಿದರು. ಎಂ-ಸ್ಯಾಂಡ್ ಎಂದರೆ ಕಲ್ಲನ್ನು ಅರೆದು ಮಾಡಿದ ಮರಳು; ಅದರಲ್ಲಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ಸಣ್ಣ ಪುಡಿ ಸೇರಿಯೇ ಬರುತ್ತದೆ.

ಆ ಬೇಸಿಗೆ ನಾನು ಅಲ್ಲಿಗೆ ಹೋದದ್ದು ನೆರಳು ಪರದೆಯ ತಪಾಸಣೆಗೆ. ಕೊಟ್ರಮ್ಮ ಚಹಾ ತಂದಳು. ತಂದವಳು ಕಪ್ಪು ಕೆಳಗಿಟ್ಟು ಆಚೆ ತಿರುಗಿ ಕೆಮ್ಮಿದಳು. ಒಣ ಕೆಮ್ಮು, ನಿಲ್ಲುವ ಲಕ್ಷಣವೇ ಇಲ್ಲ.

"ಎಷ್ಟು ದಿನದಿಂದ ಇದು?" ಎಂದೆ.

"ದೀಪಾವಳಿ ಹಿಂದಿಂದಾ ಐತ್ರಿ ಮೇಡಂ. ಔಷಧಿ ಕುಡದ್ರ ಹೋಗ್ತೈತಿ, ಮತ್ತ ಬರ್ತೈತಿ."

ಮೈಲಮ್ಮ ನಡುವೆ ಬಾಯಿ ಹಾಕಿದಳು. "ಅಕಿ ಉಣ್ಣಾದ ಹಂಗ್ರಿ, ಗುಬ್ಬಿ ಉಂಡಂಗ. ಮೈಯಾಗ ಶಕ್ತಿ ಎಲ್ಲಿಂದ ಬರಬೇಕು?"

ಸ್ವಲ್ಪ ಹೊತ್ತಿಗೆ ಕೊಟ್ರಮ್ಮ ತುಂಬಿದ ಕುಂಡವೊಂದನ್ನು ಎತ್ತಿ ನೆರಳಿಗೆ ಇಡಲು ಹೊರಟಳು. ನಾಲ್ಕು ಹೆಜ್ಜೆ ಇಟ್ಟವಳು ಕುಂಡ ಕೆಳಗಿಳಿಸಿ, ಮೊಣಕಾಲಿಗೆ ಕೈಕೊಟ್ಟು ಬಗ್ಗಿ ನಿಂತಳು. ಉಸಿರು ಎಳೆದು ಎಳೆದು ಬಿಡುತ್ತಿದ್ದಳು. ಅರವತ್ತರ ಹೊಸ್ತಿಲಲ್ಲಿದ್ದ ನಾನು ಅದೇ ಕುಂಡವನ್ನು ಎತ್ತಿ ಇಟ್ಟೆ, ನನಗೇನೂ ಆಗಲಿಲ್ಲ. ನನಗೆ ಹೆದರಿಕೆಯಾಯಿತು.

ಕಫ ಪರೀಕ್ಷೆ ಆಗಿತ್ತು, ಟಿಬಿ ಇಲ್ಲ. ಹೊಸಪೇಟೆಯ ಎದೆರೋಗದ ಡಾಕ್ಟರ ಹತ್ತಿರವೂ ಹೋಗಿ ಬಂದಿದ್ದರು. ಎಕ್ಸ್‌ರೇ ಕವರು ಗೋಡೆಯ ಮೊಳೆಗೆ ತೂಗುಹಾಕಿತ್ತು. "ಪುಪ್ಪುಸದಾಗ ಚುಕ್ಕಿ ಚುಕ್ಕಿ ಅದಾವಂತ್ರಿ," ಎಂದಳು ಕೊಟ್ರಮ್ಮ. "ಯಾಕ ಅಂತ ಅವ್ರಿಗೂ ಗೊತ್ತಾಗವಲ್ದು. ಧೂಳಿನ ಕೆಲಸ ಮಾಡ್ತೀಯೇನು, ಗಣಿಗೆ ಹೋಗಿದ್ದೇನು, ಕಲ್ಲು ಒಡೀತಿದ್ದೇನು ಅಂತ ಎಲ್ಲಾ ಕೇಳಿದ್ರು."

"ನೀನೇನಂದೆ?"

"ಇಲ್ರೀ, ಹೂವಿನ ಗಿಡದ ಕೆಲಸ ಅಂದೆ."

ಡಾಕ್ಟರು ಕೇಳಿದ ಪ್ರಶ್ನೆ ಸರಿಯಾಗಿತ್ತು. ಅವಳು ಕೊಟ್ಟ ಉತ್ತರವೂ ಪ್ರಾಮಾಣಿಕವಾಗಿತ್ತು. ಹೂವಿನ ಗಿಡ ಎಂದ ಮೇಲೆ ಯಾವ ಡಾಕ್ಟರಿಗೆ ತಾನೇ ಕಲ್ಲುಪುಡಿ ನೆನಪಾದೀತು? ನನಗೂ ತಕ್ಷಣ ಏನೂ ಹೊಳೆಯಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಸುರಿದಿದ್ದ ಎಂ-ಸ್ಯಾಂಡ್ ಕಣ್ಣಿಗೆ ಬಿತ್ತು. ಅದರಲ್ಲಿ ಪುಡಿ ತುಂಬ ಇತ್ತು. ಚೀಲದಲ್ಲಿ ತುಂಬಿಟ್ಟ ಮಿಶ್ರಣದ ಮರಳಿನಲ್ಲಿ ಒಂದು ಚಿಟಿಕೆಯೂ ಇರಲಿಲ್ಲ. ಆ ಪುಡಿಯೆಲ್ಲ ಎಲ್ಲಿಗೆ ಹೋಯಿತು?

"ಮರಳು ಹೆಂಗೆ ಹಸನು ಮಾಡ್ತೀರಿ, ನನಗೂ ಒಂದಿಷ್ಟು ತೋರಿಸಿ," ಎಂದೆ.

ಮೈಲಮ್ಮನಿಗೆ ಖುಷಿಯೋ ಖುಷಿ. "ಬರ್ರಿ, ಬರ್ರಿ. ಇದನ್ನ ಯಾರೂ ಕೇಳಾಂಗಿಲ್ರಿ," ಎಂದು ಕೈಹಿಡಿದು ಶೆಡ್ಡಿಗೆ ಕರೆದೊಯ್ದಳು. ಬಾಗಿಲಲ್ಲಿ ಚಪ್ಪಲಿ ಬಿಡಿಸಿದಳು. ಒಳಗೆ ಮರಳಿನ ರಾಶಿ, ಅದರ ನೆತ್ತಿಯ ಮೇಲೆ ಗರಿಕೆ ಸಿಕ್ಕಿಸಿದ ಸಗಣಿಯ ಬೆನಕ. ಜೋಳದ ಕಣದಲ್ಲಿ ರಾಶಿಗೆ ಇಡುತ್ತಾರಲ್ಲ, ಅದೇ. ಪಕ್ಕದಲ್ಲಿ ಕಣದ ಮೂರು ಕಾಲಿನ ಎತ್ತರದ ಮಣೆ. ಮೈಲಮ್ಮ ಅದನ್ನು ಹತ್ತಿ ನಿಂತಳು. ಕೂಲರಿನಿಂದ ಕಿತ್ತ ದೊಡ್ಡ ಫ್ಯಾನು ತಿರುಗಿಸಿದರು. ಇನ್ನೊಬ್ಬ ಹೆಂಗಸು ಮೊರ ತುಂಬಿ ಕೊಟ್ಟಳು. ಮೈಲಮ್ಮ ಮೊರವನ್ನು ತಲೆಯ ಮಟ್ಟಕ್ಕೆ ಎತ್ತಿ ಮಣಿಕಟ್ಟನ್ನು ಅಲುಗಿಸುತ್ತ ಸುರಿಯತೊಡಗಿದಳು.

ಅವರು ಮರಳನ್ನು ತೂರುತ್ತಿದ್ದರು!

ಸುಳ್ಳು ಹೇಳಬಾರದು, ನೋಡಲು ಬಹಳ ಚೆನ್ನಾಗಿತ್ತು. ಮರಳು ನೇರ ಕೆಳಗೆ ಬೀಳುತ್ತಿತ್ತು, ಬಿಳಿ ಪುಡಿ ಫ್ಯಾನಿನ ಗಾಳಿಗೆ ಹೊಗೆಯಾಗಿ ಆಚೆ ಸರಿಯುತ್ತಿತ್ತು. ಒಂದಾನೊಂದು ಕಾಲದಲ್ಲಿ ಸುತ್ತಲಿನ ಊರುಗಳ ಕಣಕ್ಕೆಲ್ಲ ಮೈಲಮ್ಮನನ್ನೇ ತೂರಲು ಕರೆಯುತ್ತಿದ್ದರಂತೆ. ಒಕ್ಕಣೆ ಮಿಷನ್ ಬಂದ ಮೇಲೆ ಮೊರ ಅಟ್ಟ ಸೇರಿತು. ಈಗ ಮರಳು ಆ ಮೊರವನ್ನು ಮತ್ತೆ ಕೆಳಗಿಳಿಸಿತ್ತು. ಕಣದಲ್ಲಿ ಅತ್ತೆ ತೂರಿದರೆ ಸೊಸೆ ಬಗ್ಗಿ ಕೂತು ರಾಶಿಯ ಮೇಲೆ ಬಿದ್ದ ಹೊಟ್ಟನ್ನು ಮೆತ್ತನೆಯ ಕಸಬರಿಗೆಯಿಂದ ಬಳಿಯಬೇಕು. ಇಲ್ಲೂ ಹಾಗೆಯೇ. ಕೊಟ್ರಮ್ಮ ಕೆಳಗೆ ಕೂತು, ಸೆರಗು ಮೂಗಿಗೆ ಕಟ್ಟಿಕೊಂಡು, ಆ ಹೊಗೆಯ ನಟ್ಟನಡುವೆ ಬಳಿಯುತ್ತಿದ್ದಳು. ತಗಡಿನ ಗೋಡೆಗೆ ಬಡಿದ ಪುಡಿ ತಿರುಗಿ ಅವಳ ಮೇಲೆಯೇ ಬರುತ್ತಿತ್ತು. ಅವಳ ರೆಪ್ಪೆಯ ಕೂದಲೆಲ್ಲ ಬೆಳ್ಳಗಾಗಿತ್ತು.

"ನಿಲ್ಲಿಸ್ರೀ! ಫ್ಯಾನ್ ಆರಿಸಿ! ಎಲ್ಲರೂ ಹೊರಗೆ ಬನ್ನಿ!" ಎಂದು ಕೂಗಿದೆ. ನನ್ನ ಗಂಟಲು ದೊಡ್ಡದು. ಆಚೆ ಕಟ್ಟಿದ್ದ ಕುರಿಗಳೂ ಬೆದರಿದವು.

ಮೈಲಮ್ಮನಿಗೆ ಅವಮಾನವಾಯಿತು. ರಾಶಿ ಕಣದಲ್ಲಿ ಕೂಗಾಡುವುದು ಅವರಲ್ಲಿ ಅಪಶಕುನ. ಹೊರಗೆ ಬಂದವಳೇ ಸೊಂಟಕ್ಕೆ ಕೈಯಿಟ್ಟಳು. "ಏನಾತ್ರೀ ಅಂಥಾದ್ದು? ಮದ್ಲ ಬಯಲಾಗ ತೂರ್ತಿದ್ವಿ. ಆಜೂಬಾಜು ಮನಿಯರು ಸಂಡಿಗಿ ಮ್ಯಾಲೆ ಧೂಳ್ ಬೀಳ್ತೈತಿ ಅಂತ ಜಗಳಕ್ಕ ಬಂದ್ರು. ಅದ್ಕ ಒಳಗ ಮಾಡಾಕತ್ತೀವಿ. ಯಾರಿಗೇನು ತ್ರಾಸು?"

"ತ್ರಾಸು ನಿನ್ನ ಸೊಸೆಗೆ," ಎಂದೆ. "ಡಾಕ್ಟರು ಹುಡುಕ್ತಿರೋದು ಇದೇ ಧೂಳನ್ನ."

"ಥೋ, ಬಿಡ್ರಿ. ಹುಟ್ಟಿದಾಗಿಂದ ಧೂಳು ಕುಡಕಂತನಾ ಬೆಳೆದೀವಿ. ಜ್ವಾಳ ತೂರುವಾಗ ಸುಂಕಿನ ಧೂಳು ಎಷ್ಟು ನುಂಗಿಲ್ಲ ನಾವು? ನಾಕು ದಿನ ಕೆಮ್ಮಿದ್ವಿ, ಹೋತು."

ಆಗ ನಾನು ಗಿಡದ ನೆರಳಲ್ಲಿ ಕೂತು ತಿಳಿಸಿ ಹೇಳಿದೆ. ಓದುಗರಿಗೂ ಅದನ್ನು ಹೇಳಬೇಕು. ಮರಳಿನಲ್ಲಿ, ಕಲ್ಲಿನಲ್ಲಿ ಸಿಲಿಕಾ ಎಂಬ ಖನಿಜವಿದೆ. ಕಾಳಿನಷ್ಟು ದಪ್ಪವಿದ್ದಾಗ ಅದು ಉಸಿರಿನೊಳಕ್ಕೆ ಹೋಗುವುದಿಲ್ಲ, ಏನೂ ಮಾಡುವುದಿಲ್ಲ. ಅರೆದಾಗ ಹುಟ್ಟುವ ಕಣ್ಣಿಗೆ ಕಾಣದ ಪುಡಿಯೇ ಅಪಾಯ. ಮೂಗಿನ ಕೂದಲಿಗೆ ಸಿಕ್ಕದೆ ಪುಪ್ಪುಸದ ತಳ ಮುಟ್ಟುತ್ತದೆ, ಅಲ್ಲಿ ಕರಗುವುದಿಲ್ಲ. ಅದರ ಸುತ್ತ ಗಾಯದ ಕಲೆಯಂತೆ ಗಂಟು ಕಟ್ಟುತ್ತದೆ. ಇದಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ. ಸಾಮಾನ್ಯವಾಗಿ ಬಹಳ ವರ್ಷ ಹಿಡಿಯುತ್ತದೆ. ಧೂಳು ವಿಪರೀತವಾಗಿದ್ದರೆ ಕೆಲವೇ ವರ್ಷ ಸಾಕು. ಸೆರಗು, ಕರವಸ್ತ್ರ, ಕೊರೋನಾ ಕಾಲದ ಬಟ್ಟೆ ಮಾಸ್ಕು ಇವ್ಯಾವೂ ಅದನ್ನು ತಡೆಯುವುದಿಲ್ಲ.

"ಹಂಗಾರ ಏನು ಮಾಡಬೇಕಂತೀರಿ?" ಎಂದಳು ಮೈಲಮ್ಮ.

"ತೂರೋದು ಬಿಡಿ. ಮರಳಿಗೆ ನೀರು ಹಾಕಿ ತೊಳೀರಿ."

ಅವಳ ಮುಖ ನೋಡಬೇಕಿತ್ತು. "ರಾಶಿಗೆ ನೀರು ಹಾಕ್ತಾರೇನ್ರೀ? ಎಲ್ಲಾದ್ರೂ ಉಂಟೇನ್ರೀ? ಮಳಿ ಬಂದ್ರ ಎದ್ದು ಬಿದ್ದು ಓಡಿ ಮುಚ್ಚಾದು ನಾವು. ನಮ್ಮ ಕೈಲೆ ನಾವಾ ನೀರು ಹಾಕಬೇಕಾ?" ಉಳಿದ ಹೆಂಗಸರೂ ನನ್ನನ್ನು ಪಾಪ, ಏನೂ ತಿಳಿಯದವಳು ಎಂಬಂತೆ ನೋಡಿದರು. ಮರಳು ರಾಶಿಯ ರೂಪಕ್ಕೆ ಬಂದ ಕೂಡಲೇ ಅವರ ಮಟ್ಟಿಗೆ ಅದು ಕಾಳೇ ಆಗಿತ್ತು. ಕಾಳಿಗೆ ಸಲ್ಲುವ ಮರ್ಯಾದೆಯೆಲ್ಲ ಅದಕ್ಕೂ ಸಲ್ಲುತ್ತಿತ್ತು.

ಜೀಪಿಗೆ ಬಂದು ಹೊಸಪೇಟೆಯ ಡಾಕ್ಟರಿಗೆ ಫೋನ್ ಹಚ್ಚಿದೆ. ನೋಡಿದ್ದನ್ನೆಲ್ಲ ಹೇಳಿದೆ. "ಆ ಹುಡುಗಿಯನ್ನು ಇವತ್ತೇ ಅಲ್ಲಿಂದ ಹೊರಗೆ ತನ್ನಿ ಮೇಡಂ. ಸಿಟಿ ಸ್ಕ್ಯಾನ್ ಮಾಡಿಸೋಣ. ಇನ್ನೊಂದು ವರ್ಷ ಅಲ್ಲೇ ಕೂತರೆ ನನ್ನ ಕೈಯಲ್ಲಿ ಏನೂ ಉಳಿಯಲ್ಲ," ಎಂದರು.

ಈ ಮಾತನ್ನು ಮೈಲಮ್ಮನಿಗೆ ಹೇಳಿದೆ. ಕೊಟ್ರಮ್ಮನನ್ನು ಇವತ್ತಿನಿಂದ ಶೆಡ್ಡಿಗೆ ಕಳಿಸುವುದಿಲ್ಲ ಎಂದು ಒಪ್ಪಿದಳು. ಆದರೆ ತೂರುವುದನ್ನು ಬಿಡಲು ಮಾತ್ರ ಸುತರಾಂ ಒಪ್ಪಲಿಲ್ಲ. "ಅಕಿ ಬ್ಯಾಡ ಬಿಡ್ರಿ. ಬೇರೇರು ಬಳೀತಾರ," ಎಂದಳು. ನನಗೆ ರೇಗಿಹೋಯಿತು. ಒಬ್ಬಳ ಜಾಗಕ್ಕೆ ಇನ್ನೊಬ್ಬಳನ್ನು ಕೂಡಿಸುವುದು ಉಪಾಯವೇ? ಆದರೂ ಆ ಹೊತ್ತಿಗೆ ಬಾಯಿ ಮುಚ್ಚಿಕೊಂಡು ಬಂದೆ. ಎದುರಿಗೆ ಒತ್ತಾಯ ಮಾಡಿದರೆ ಬೆನ್ನ ಹಿಂದೆ ಮತ್ತೆ ಅದೇ ನಡೆಯುತ್ತದೆ ಎಂಬುದನ್ನು ಇಲಾಖೆ ನನಗೆ ಚೆನ್ನಾಗಿ ಕಲಿಸಿತ್ತು.

ಮಾರನೆಯ ದಿನ ಮಧ್ಯಾಹ್ನ ಮತ್ತೆ ಹೋದೆ. ಬೆಳಿಗ್ಗೆ ತೂರಿದ್ದರು, ಊಟಕ್ಕೆ ಮುಂಚೆಯೇ ಫ್ಯಾನ್ ಆರಿಸಿ ಹೊರಗೆ ಬಂದಿದ್ದರು. ಉಂಡು, ಕೈತೊಳೆದು, ಎಲೆ-ಅಡಿಕೆ ಮೆಲ್ಲುತ್ತ ಬೇವಿನ ಮರದ ಕೆಳಗೆ ಕೂತಿದ್ದರು. ಕೊಟ್ರಮ್ಮ ದೂರದಲ್ಲಿ ಕಸಿ ಕಟ್ಟುತ್ತಿದ್ದಳು. ಕೊರೋನಾ ಕಾಲದಲ್ಲಿ ನಮಗೆ ಕೊಟ್ಟಿದ್ದ ಎನ್-೯೫ ಮಾಸ್ಕು ಎರಡು ತಂದಿದ್ದೆ. ಮೂಗಿನ ಮೇಲಿನ ತಂತಿ ಒತ್ತಿ, ಅಂಚಿನಲ್ಲಿ ಗಾಳಿ ನುಸುಳದಂತೆ ಮೈಲಮ್ಮನಿಗೆ ಒಂದು ಕಟ್ಟಿದೆ, ನಾನೊಂದು ಕಟ್ಟಿಕೊಂಡೆ. "ಒಂದಿಷ್ಟು ಒಳಗೆ ಬಾ. ಬರುವಾಗ ಒಂದು ಹಿಡಿ ಜೋಳದ ಹೊಟ್ಟು ತಗೊಂಡು ಬಾ," ಎಂದೆ.

ಶೆಡ್ಡಿನ ಮಾಡಿನಲ್ಲಿ ಹಳೆಯ ಮೊಳೆಯ ತೂತೊಂದಿತ್ತು. ಬಾಗಿಲು ಮುಚ್ಚಿದಾಗ ಆ ತೂತಿನಿಂದ ಒಂದೇ ಒಂದು ಬಿಸಿಲು ಕೋಲು ಕೊಟ್ರಮ್ಮ ಕೂರುತ್ತಿದ್ದ ಜಾಗದ ಮೇಲೆ ಬಿತ್ತು.

"ಹೊಟ್ಟು ಹಾರಿಸು," ಎಂದೆ.

ಅವಳು ಹಾರಿಸಿದಳು. ಹೊಟ್ಟು ಬಿಸಿಲಲ್ಲಿ ಮಿಂಚಿ, ತೇಲಿ, ನೋಡುನೋಡುತ್ತಿದ್ದಂತೆ ನೆಲ ಹಿಡಿಯಿತು. ಬಿಸಿಲು ಕೋಲು ಮಾತ್ರ ಖಾಲಿಯಾಗಲಿಲ್ಲ. ಅದರ ತುಂಬ ಬೆಳ್ಳಗೆ, ಸಣ್ಣಗೆ ಏನೋ ನಿಂತಿತ್ತು. ಮೇಲೂ ಹೋಗದು, ಕೆಳಗೂ ಬಾರದು. ಮೈಲಮ್ಮ ಹತ್ತಿರ ಹೋಗಿ ಕತ್ತೆತ್ತಿ ನೋಡಿದಳು. ಬೀಳುವುದನ್ನೇ ಬದುಕೆಲ್ಲ ನೋಡಿದವಳು ಅವಳು. ಯಾವುದು ಎಲ್ಲಿ ಬೀಳುತ್ತದೆ, ಎಷ್ಟು ಹೊತ್ತಿಗೆ ಬೀಳುತ್ತದೆ ಎಂಬುದೇ ಅವಳ ವಿದ್ಯೆ.

"ಇದೇನ್ರೀ ಇದು," ಎಂದಳು ಮಾಸ್ಕಿನ ಒಳಗಿಂದ. "ನಾವು ಉಂಡ್ವಿ, ಕೈ ತೊಳ್ಕಂಡ್ವಿ, ಎಲಿ ಹಾಕ್ಕಂಡ್ವಿ. ಇದು ಇನ್ನಾ ಬಿದ್ದಾ ಇಲ್ಲಲ್ರೀ."

"ಬೀಳಲ್ಲ."

"ಬೀಳದಿದ್ರ ಎಲ್ಲಿಗೆ ಹೋಗ್ತೈತಿ?"

"ಇಲ್ಲಿ ಕೂತವರ ಎದೆಗೆ," ಎಂದೆ.

ಅವಳು ಆ ಜಾಗವನ್ನು ನೋಡಿದಳು. ಕೊಟ್ರಮ್ಮನ ಕಸಬರಿಗೆ ಇನ್ನೂ ಅಲ್ಲೇ ಬಿದ್ದಿತ್ತು. ಬಾಗಿಲು ತೆಗೆದು ಹೊರಗೆ ನಡೆದಳು. ಮುನಿಸಿಕೊಂಡಳು ಎಂದೇ ನಾನು ತಿಳಿದೆ. ಸ್ವಲ್ಪ ಹೊತ್ತಿಗೆ ತುಂಬಿದ ಕೊಡ ಹೊತ್ತು ಬಂದಳು. ಮೊದಲು ಬೆನಕವನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡು ಬೇವಿನ ಬುಡಕ್ಕೆ ಇಟ್ಟಳು. ಉಳಿದ ಹೆಂಗಸರು ಎದ್ದು ನಿಂತು ನೋಡುತ್ತಿದ್ದರು. "ಅಯ್ಯ, ಮೈಲಕ್ಕಾ, ಏನ್ ಮಾಡಾಕತ್ತಿ!" ಎಂದು ಒಬ್ಬಳು ಕೂಗಿದಳು. ಮೈಲಮ್ಮ ಕೊಡ ಬಗ್ಗಿಸಿ ರಾಶಿಯ ನೆತ್ತಿಯ ಮೇಲೆ ನೀರು ಸುರಿದಳು.

"ರಾಶಿ ಆಗಿದ್ರ ಎಲ್ಲಾ ಕೆಳಗ ಬೀಳ್ತಿತ್ತು. ಇದು ರಾಶಿ ಅಲ್ಲ ಬಿಡ್ರಿ," ಎಂದಳು. ಮೂರು ಕಾಲಿನ ಮಣೆಯನ್ನು ಅವತ್ತೇ ಮನೆಗೆ ಕಳಿಸಿದಳು.

ಉಳಿದದ್ದು ಬರೀ ಕೆಲಸ. ಕುರಿಗೆ ನೀರು ಕುಡಿಸುವ ಹಳೆಯ ತೊಟ್ಟಿಯೊಂದು ಖಾಲಿ ಬಿದ್ದಿತ್ತು, ಅದರಲ್ಲಿ ಮರಳು ತೊಳೆಯುವುದು ಶುರುವಾಯಿತು. ಬೇಸಿಗೆಯಲ್ಲಿ ನೀರಿನ ತಾಪತ್ರಯ ಇದ್ದದ್ದೇ. ಆದ್ದರಿಂದ ತಿಳಿಯಾದ ನೀರನ್ನೇ ತಿರುಗಿಸಿ ಬಳಸಿದರು. ತಳದಲ್ಲಿ ಕೂತ ರಾಡಿಯನ್ನು ಒಣಗಲು ಬಿಡದೆ, ಹಸಿಯಿದ್ದಾಗಲೇ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಬೇಕು, ಒಣಗಿದರೆ ಮತ್ತೆ ಅದೇ ಧೂಳು. ಶೆಡ್ಡಿನ ನೆಲಕ್ಕೆ ಕಸಬರಿಗೆ ಮುಟ್ಟಿಸದೆ ನೀರು ಹಾಕಿ ಒರೆಸಿದರು. ಫ್ಯಾನು ಕಿತ್ತು ಮಾರಿದರು. ಕೆಲಸದ ಸೀರೆಯನ್ನು ಕೊಡವದೆ ನೀರಿಗೆ ಹಾಕುವುದು, ಮನೆಯ ಬಟ್ಟೆಯೊಂದಿಗೆ ಸೇರಿಸದಿರುವುದು ರೂಢಿಯಾಯಿತು. ಎನ್-೯೫ ಮಾಸ್ಕನ್ನೂ ತರಿಸಿಕೊಟ್ಟೆ. ಆದರೆ ಅದು ಕೊನೆಯ ಕಾವಲು, ಮೊದಲನೆಯದು ನೀರು ಎಂದು ನೂರು ಸಲ ಹೇಳಿದೆ.

ಬಸವರಾಜಪ್ಪ ಮಾತ್ರ ಒಪ್ಪಲಿಲ್ಲ. "ಹಸಿ ಮಾಲು ನನಗ ಬ್ಯಾಡ್ರಿ ಮೇಡಂ. ಗಿರಾಕಿ ವಾಪಸ್ ಕಳಿಸ್ತಾರ," ಎಂದ. ಹಗರಿಬೊಮ್ಮನಹಳ್ಳಿಗೇ ಹೋಗಿ ಅವನ ಅಂಗಡಿಯಲ್ಲಿ ಕೂತೆ. "ನಿಮ್ಮ ಗೋಡೌನಿನಲ್ಲಿ ಚೀಲ ಬಿಚ್ಚಿ ಸಣ್ಣ ಪ್ಯಾಕೆಟ್ ಮಾಡೋರು ಯಾರು?" ಎಂದು ಕೇಳಿದೆ. "ನಮ್ಮ ತಂಗಿ ಅದಾಳ್ರಿ, ಅಕಿನಾ ನೋಡ್ಕಂತಾಳ," ಎಂದ. ಕೊಟ್ರಮ್ಮನ ಎಕ್ಸ್‌ರೇ ಕಥೆ ಹೇಳಿದೆ. ಅವನು ಗಲ್ಲ ಕೆರೆದುಕೊಂಡು ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿದ. ತೊಳೆದು ನೆರಳಿನಲ್ಲಿ ಆರಿಸಿದ, ತುಸು ತೇವವಿರುವ ಮರಳನ್ನು ಬೇರೆ ಚೀಲದಲ್ಲಿ, ಗೊಬ್ಬರವನ್ನು ಬೇರೆ ಚೀಲದಲ್ಲಿ ಕೊಳ್ಳುವುದಕ್ಕೆ ಒಪ್ಪಿದ. ಬೂಷ್ಟಿನ ಮಾತು ಅಲ್ಲಿಗೆ ಮುಗಿಯಿತು.

ಸ್ಕ್ಯಾನ್ ರಿಪೋರ್ಟ್ ಬಂದ ದಿನ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ನೇರವಾಗಿ ಹೇಳಿದರು: ಸಿಲಿಕೋಸಿಸ್, ಆರಂಭದ ಹಂತ. ಒಳಗೆ ಹೋದ ಧೂಳನ್ನು ಹೊರಗೆ ತರುವ ಔಷಧಿ ಇಲ್ಲ. ಇನ್ನು ಮುಂದೆ ಒಂದು ಕಣವೂ ಹೋಗದಂತೆ ನೋಡಿಕೊಳ್ಳಬೇಕು. ಹೀಗಾದವರಿಗೆ ಟಿಬಿ ಬೇಗ ಹತ್ತುತ್ತದೆ, ಆದ್ದರಿಂದ ಕರೆದಾಗೆಲ್ಲ ಪರೀಕ್ಷೆಗೆ ಬರಬೇಕು. ಕೊಟ್ರಮ್ಮ ಸೆರಗಿನ ತುದಿ ಸುತ್ತುತ್ತ ಕೂತಿದ್ದಳು. ಡಾಕ್ಟರು ಚೀಟಿ ಬರೆಯುತ್ತ, "ಕೆಲಸ ಏನಂತ ಹಾಕಲಿ?" ಎಂದರು.

ರೂಢಿಯಂತೆ ಕೊಟ್ರಮ್ಮ, "ಹೂವಿನ ಗಿಡದ..." ಎಂದು ಶುರುಮಾಡಿದಳು.

"ಧೂಳಿನ ಕೆಲಸ ಅಂತ ಬರ್ಕಳ್ರಿ ಸಾಹೇಬ್ರ," ಎಂದಳು ಮೈಲಮ್ಮ. "ಅದಕ್ಕ ನಾನಾ ಹಚ್ಚಿದ್ದೆ."

ಅಷ್ಟು ಗಟ್ಟಿ ಗಂಟಲಿನ ಹೆಂಗಸು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಮತ್ತೆ ಕೇಳಲಿಲ್ಲ. ನನಗೆ ಸಂಕಟವಾಯಿತು. ಕೊಟ್ರಮ್ಮ ಅತ್ತೆಯ ಕಡೆ ನೋಡಲಿಲ್ಲ, ಕೈ ಮಾತ್ರ ಅವಳ ಮೊಣಕಾಲಿನ ಮೇಲಿಟ್ಟಳು.

ಈಗ ನಾನು ನಿವೃತ್ತಳಾಗಿ ಹರಪನಹಳ್ಳಿಯಲ್ಲಿದ್ದೇನೆ. ತಾರಸಿಯಲ್ಲಿ ನಾಲ್ಕಾರು ಕುಂಡ. ಮನೆಯಲ್ಲಿ ಒಂದೆರಡು ಕುಂಡ ತುಂಬುವವರು ಇದನ್ನೋದಿ ಹೆದರಬೇಕಿಲ್ಲ. ಕೊಟ್ರಮ್ಮನದು ದಿನವಿಡೀ, ಮುಚ್ಚಿದ ಜಾಗದಲ್ಲಿ ಮಾಡಿದ ಕೆಲಸ. ಆದರೂ ಮರಳಿನ ಚೀಲವನ್ನು ಬಯಲಿನಲ್ಲಿ, ಗಾಳಿಗೆ ಬೆನ್ನುಮಾಡಿ ಬಿಚ್ಚಿ. ಸುರಿಯುವ ಮೊದಲು ನೀರು ಚಿಮುಕಿಸಿ. ಮುಷ್ಟಿ ಕಟ್ಟಿದರೆ ಉಂಡೆಯಾಗುವಷ್ಟು ತೇವ ಸಾಕು. ಚೆಲ್ಲಿದ್ದನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ನೌಕರಿ ನನಗೆ ಕಲಿಸಿದ್ದು ಇದಕ್ಕಿಂತ ಸಣ್ಣದು. ಆಮೇಲಿನ ನನ್ನ ತಪಾಸಣೆಗಳಲ್ಲಿ 'ಏನು ಕೆಲಸ ಮಾಡ್ತೀರಿ' ಎಂದು ಕೇಳುವುದನ್ನೇ ಬಿಟ್ಟೆ. 'ಮಾಡಿ ತೋರಿಸಿ' ಎನ್ನುತ್ತಿದ್ದೆ. ಕೆಲಸದ ಹೆಸರಿನಲ್ಲಿ ಹೂವೇ ಇರಬಹುದು, ಕೈಯಲ್ಲಿ ಏನಿದೆ ಎಂಬುದನ್ನು ನಿಂತು ನೋಡಬೇಕು.

ಹೋದ ತಿಂಗಳು ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಅತ್ತೆ-ಸೊಸೆ ಮುಂದೆ ಹೋಗುತ್ತಿರುವುದು ಕಂಡಿತು. ಬಸವರಾಜಪ್ಪನ ಅಂಗಡಿಗೆ ಗಿಡ ಕೊಡಲು ಹೊರಟಿದ್ದರು. ಕೊಟ್ರಮ್ಮನ ಕೆಮ್ಮು ಕಡಿಮೆಯಾಗಿದೆ. ರೋಗ ಮುಂದುವರಿದಿಲ್ಲ, ಹಿಂದಕ್ಕೂ ಹೋಗಿಲ್ಲ. ಅವಳ ಕೈಯಲ್ಲಿ ಏನೂ ಇರಲಿಲ್ಲ. ಕುಂಡಗಳ ಬುಟ್ಟಿ ಮೈಲಮ್ಮನ ತಲೆಯ ಮೇಲಿತ್ತು. ಸ್ವಲ್ಪ ದೂರ ನಡೆದ ಮೇಲೆ ಕೊಟ್ರಮ್ಮನ ಹೆಜ್ಜೆ ನಿಧಾನವಾಯಿತು. ಕೂಡಲೇ ಮೈಲಮ್ಮ, "ತಡಿಯವ್ವಾ, ನನ್ ಸಿಂಬಿ ಸರದೈತಿ," ಎಂದು ಬುಟ್ಟಿ ಇಳಿಸಿ, ತಲೆಯ ಮೇಲಿನ ಬಟ್ಟೆಯ ಸಿಂಬಿಯನ್ನು ಬಿಚ್ಚಿ ಮತ್ತೆ ಸುತ್ತತೊಡಗಿದಳು. ಸೊಸೆಯ ಉಸಿರು ಹದಕ್ಕೆ ಬರುವವರೆಗೂ ಸುತ್ತಿದಳು. ಅಂಗಡಿ ಮುಟ್ಟುವುದರೊಳಗೆ ಇನ್ನೆರಡು ಸಲ ಹೀಗೆಯೇ ಆಯಿತು. ನಾನು ಹಿಂದೆಯೇ ಇದ್ದೆ. ಸಿಂಬಿ ಒಂದು ಸಲವೂ ಸರಿದಿರಲಿಲ್ಲ.